ಮೂರೆಳೆಯ ಲುಕಿ

ಲುಕಿ ಆಲೂಗೆಡ್ಡೆಯ ಗಿಡ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಸರೋವರದ ಮೇಲಿನ ಬೆಟ್ಟದ ನಮ್ಮೂರು ಹಂಕೊಪಾತಾದಲ್ಲಿ ಇದು ಆಡುವ ಮಕ್ಕಳಿಗೂ ಗೊತ್ತು. ಇಮಿಲ್ಲಾ ಆಲೂಗೆಡ್ಡೆಯ ಹೊಲದಲ್ಲಿ ಹೂ ಉದುರಿದ ಮೇಲೆ ಗೋಲಿಯಂಥ ಹಸಿರು ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತವೆ. ಮಕ್ಕಳು ಅವನ್ನು ಕಿತ್ತು ಕವಣೆಗಿಟ್ಟು ಒಬ್ಬರಿಗೊಬ್ಬರು ಬೀಸುತ್ತಾರೆ. ಲುಕಿಯ ಹೊಲಕ್ಕೆ ಮಾತ್ರ ಯಾವ ಮಗುವೂ ಹೋಗುವುದಿಲ್ಲ. ಅಲ್ಲಿ ನೇರಳೆ ಹೂ ಅರಳುತ್ತದೆ, ಗಾಳಿಗೆ ಉದುರುತ್ತದೆ, ತೊಟ್ಟು ಬರಿದಾಗುತ್ತದೆ. ಗೆಡ್ಡೆಯೂ ಕಹಿ. ನಮಗೆ ಚಳಿಗಾಲವಾದ ಜೂನ್ ತಿಂಗಳ ಹಿಮದಲ್ಲಿ ಹುಲ್ಲಿನ ಮೇಲೆ ಹರಡಿ, ಹಗಲಿನ ಬಿಸಿಲಿಗೆ ಮೆತ್ತಗಾದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಹೊಳೆಯಲ್ಲಿ ನೆನೆಸಿ, ಒಣಗಿಸಿ ಚುನ್ಯೊ ಮಾಡಿದರೆ ಮಾತ್ರ ಅದು ಹೊಟ್ಟೆಗೆ ಒಗ್ಗುತ್ತದೆ. ಒಮ್ಮೆ ಚುನ್ಯೊ ಆಯಿತೋ, ಅಜ್ಜ ಕಟ್ಟಿಟ್ಟದ್ದನ್ನು ಮೊಮ್ಮಗ ಬಿಚ್ಚಿ ಉಣ್ಣಬಹುದು. ಇಮಿಲ್ಲಾ ಎಲೆಯನ್ನು ಒಂದೇ ಬೆಳಗಿನಲ್ಲಿ ಕರಿ ಬಟ್ಟೆ ಮಾಡಿಬಿಡುವ ಹಿಮ, ಲುಕಿಯ ಎಲೆಯ ಮೇಲೆ ಬಂದು ಕೂತು, ಬಿಸಿಲೇರಿದ ಮೇಲೆ ನಾಚಿಕೊಂಡು ಎದ್ದುಹೋಗುತ್ತದೆ.

ಇಷ್ಟಾದರೂ ಲುಕಿಗೆ ನಮ್ಮಲ್ಲಿ ಮರ್ಯಾದೆ ಇರಲಿಲ್ಲ. ಕಾಂದೆಲಾರಿಯಾ ತಾಯಿಯ ಹಬ್ಬದ ದಿನ ಹೆಂಗಸರು ಹೊಸ ಗೆಡ್ಡೆಯನ್ನು ಬಣ್ಣದ ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಕಟ್ಟಿಕೊಂಡ ಹಾಗೆ ಬೆನ್ನಿಗೆ ಕಟ್ಟಿಕೊಂಡು, ಇಗರ್ಜಿಯ ಅಂಗಳದಲ್ಲಿ ಕುಣಿಯುತ್ತಾರೆ. ಆ ಬಟ್ಟೆಯೊಳಗೆ ಇಮಿಲ್ಲಾ ಇರುತ್ತಿತ್ತು, ಲುಕಿ ಇರುತ್ತಿರಲಿಲ್ಲ. ಕಾಯಿ ಕಟ್ಟದ್ದನ್ನು ಹೊತ್ತು ಕುಣಿದರೆ ಮನೆಯೂ ಹಾಗೇ ಆಗುತ್ತದೆ ಎಂಬ ಭಯ. ಹಾಗೆಯೇ ನಿಕಾಸಿಯಾ ಕೂಡ ಆ ಕುಣಿತದಲ್ಲಿ ಇರುತ್ತಿರಲಿಲ್ಲ. ಅಂಗಳದ ಗೋಡೆಗೆ ಒರಗಿ ತಕಲಿ ತಿರುಗಿಸುತ್ತಾ ನಿಂತಿರುತ್ತಿದ್ದಳು. ಮೆಲಿತೋನನ ಕೈ ಹಿಡಿದು ನಮ್ಮೂರಿಗೆ ಬಂದವಳು. ಅವಳ ತಲೆಗೂದಲು ಬೆಳ್ಳಗಾಯಿತು, ಮಡಿಲು ತುಂಬಲಿಲ್ಲ.

ನಾನು ಇಗರ್ಜಿಯಲ್ಲಿ ಪ್ರಾರ್ಥನೆ ಹೇಳಿಸುವವನು. ಪಾದ್ರಿಗಳು ವರ್ಷಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ದೇವರ ಮುಂದೆ ದೀಪ ಹಚ್ಚುವುದು ನನ್ನ ಪಾಲಿನ ಕೆಲಸ. ಎಷ್ಟೋ ಮುಂಜಾನೆ ನಾನು ಬಾಗಿಲು ತೆಗೆಯುವ ಮೊದಲೇ ನಿಕಾಸಿಯಾ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಏನು ಬೇಡುತ್ತಾಳೆಂದು ನಾನು ಕೇಳಿದವನಲ್ಲ. ಒಂದು ದಿನ ಅವಳೇ ಹೇಳಿದಳು.

"ಮಕ್ಕಳು ಬೇಕು ಅಂತ ಕೇಳೋದು ಬಿಟ್ಟು ಬಹಳ ದಿನ ಆಯ್ತು ಅಣ್ಣ. ಆ ವಯಸ್ಸೂ ಹೋಯ್ತು. ಒಂದು ಸಲ ಕಮಾನಿ ಮನೆ ಹೆಂಗಸಾಗಿ ಊರ ಹೊಲಕ್ಕೆ ಮೊದಲನೇ ಗೆಡ್ಡೆ ಇಡಬೇಕು. ಅಷ್ಟೇ ಕೇಳ್ತೀನಿ."

ಕಮಾನಿ ಎಂದರೆ ಆ ವರ್ಷಕ್ಕೆ ಊರ ಹೊಲ ಕಾಯುವ ದಂಪತಿ. ಹಿಮ, ಆಲಿಕಲ್ಲು, ದನಕರು ಎಲ್ಲಕ್ಕೂ ಅವರೇ ಹೊಣೆ. ಗಂಡ ಕಾಲ್ನೇಗಿಲಿನಿಂದ ಮೊದಲ ಗೆರೆ ತೆಗೆದರೆ ಹೆಂಡತಿ ಮೊಣಕಾಲೂರಿ ಮೊದಲ ಗೆಡ್ಡೆ ಇಡುತ್ತಾಳೆ. ಆ ಘಳಿಗೆಯಿಂದ ಕಟಾವಿನವರೆಗೆ ಇಡೀ ಊರು, ಹಲ್ಲು ಬಿದ್ದ ಮುದುಕರೂ, ಅವರನ್ನು ಅಪ್ಪ, ಅವ್ವ ಎಂದೇ ಕರೆಯಬೇಕು. ಕಮಾನಿತನ ಮನೆಯಿಂದ ಮನೆಗೆ ಸರದಿಯಲ್ಲಿ ಸಾಗುತ್ತದೆ. ಮೆಲಿತೋನನ ಬಾಗಿಲಿಗೆ ಅದು ಎರಡು ಸಲ ಬಂದು ಎರಡು ಸಲವೂ ದಾಟಿಹೋಗಿತ್ತು. ಮಡಿಲು ತುಂಬದವಳು ಭೂಮಿಯ ಮಡಿಲಿಗೆ ಕೈ ಹಾಕಬಾರದು ಎಂದು ಹಿರಿಯರು ಅಂದಿದ್ದರು. ಈಗ ಮೂರನೆಯ ಸಲ ಬಂದಿತ್ತು. ಇದೂ ದಾಟಿದರೆ ಮತ್ತೆ ಅವರ ಬಾಗಿಲಿಗೆ ಬರುವ ಹೊತ್ತಿಗೆ ಅವರು ಮಣ್ಣಾಗಿರುತ್ತಿದ್ದರು.

ಆಗಸ್ಟ್ ತಿಂಗಳು, ಭೂಮಿತಾಯಿ ಪಚಮಾಮಾ ಬಾಯಿ ತೆರೆಯುವ ಕಾಲ. ಊರ ಸಭೆ ಸೇರಿತ್ತು. ಗಂಡಸರು ಕಲ್ಲು ಗೋಡೆಗೆ ಒರಗಿ ಕೋಕಾ ಎಲೆ ಅಗಿಯುತ್ತಿದ್ದರು. ಹೆಂಗಸರು ನೆಲದ ಮೇಲೆ ಗಂಟು ಬಿಚ್ಚಿ ಬೇಯಿಸಿದ ಗೆಡ್ಡೆ, ಚುನ್ಯೊ, ಗಿಣ್ಣು, ಗೆಡ್ಡೆಯ ಕಹಿ ಕಳೆಯಲು ಅದ್ದಿಕೊಳ್ಳುವ ಜೇಡಿಮಣ್ಣಿನ ಗೊಜ್ಜು ಎಲ್ಲವನ್ನೂ ಒಂದೇ ಸಾಲಿನಲ್ಲಿ ಹರಡಿದ್ದರು. ಕೆಳಗೆ ಸರೋವರ ನೀಲಿಯಾಗಿ ಮಲಗಿತ್ತು. ಅವತ್ತೇ ಪಟ್ಟಣದಿಂದ ಯೆನಿ ಲಾರಿಕೊ ಬಂದಿದ್ದಳು. ಬೆಳೆಯ ವಿದ್ಯೆ ಕಲಿತವಳು, ನಾವು ಇಂಜಿನಿಯರಮ್ಮ ಅನ್ನುತ್ತಿದ್ದೆವು. ಸರೋವರದ ಆಚೆ ದಡದ ಹುಡುಗಿ, ನಮ್ಮದೇ ಮಾತು. ಪ್ರತಿ ಮನೆಯಿಂದ ಒಂದೊಂದು ಹಿಡಿ ಲುಕಿ ಬಿತ್ತನೆ ಕೊಟ್ಟರೆ ಪಟ್ಟಣದ ತಣ್ಣನೆ ಕೋಣೆಯಲ್ಲಿ ಕಾಪಿಡುತ್ತೇವೆ, ನಾಳೆ ರೋಗ ಬಂದು ನಿಮ್ಮದು ಹಾಳಾದರೆ ಅಲ್ಲಿಂದ ತಂದುಕೊಡುತ್ತೇವೆ ಎಂದು ಮೊದಲೇ ಹೇಳಿಕಳುಹಿಸಿದ್ದಳು. ಹೆಂಗಸರೆಲ್ಲ ತಂದಿದ್ದರು.

ಆದರೆ ಮೊದಲು ಕಮಾನಿ ಮಾತು ಬಂತು. ಊರ ಯಜಮಾನ ಎಪಿಫಾನಿಯೊ ಟೋಪಿ ತೆಗೆದು, "ಸರದಿ ಮೆಲಿತೋನಂದು," ಎಂದು ಸುಮ್ಮನಾದ.

ಬಾಸಿಲಿಯಾ ಎದ್ದಳು. ನಮ್ಮೂರ ಹೆಂಗಸರಲ್ಲಿ ಹಿರಿಯಳು, ಏಳು ಹೆತ್ತವಳು, ಅವಳ ಮಾತು ಮೀರಿ ಸೂಲಗಿತ್ತಿಯೂ ಬಿಸಿನೀರು ಕಾಯಿಸುತ್ತಿರಲಿಲ್ಲ.

"ಮೆಲಿತೋನ ಒಳ್ಳೆಯವನು. ನಿಕಾಸಿಯಾ ಮೇಲೂ ನಂಗೆ ಹೊಟ್ಟೆಕಿಚ್ಚಿಲ್ಲ, ಏನಿದೆ ಅಂತ ಹೊಟ್ಟೆಕಿಚ್ಚು ಪಡಲಿ. ಆದ್ರೆ ನಮ್ಮವ್ವಂದಿರು ಹೇಳಿದ್ದು ಹೇಳ್ತೀನಿ. ಕಾಯಿ ಬಿಡದ ಲುಕೀನ ಹಬ್ಬಕ್ಕೆ ಹೊರಲ್ಲ. ಹೆರದವಳ ಕೈಲಿ ಮೊದಲ ಗೆಡ್ಡೆ ಇಡಿಸಲ್ಲ. ಹೊಲ ಹಿಮಕ್ಕೆ ಹೋದ್ರೆ ಯಾರ ಮಕ್ಕಳು ಉಪವಾಸ ಬೀಳೋದು? ಅವಳ ಮಕ್ಕಳಂತೂ ಅಲ್ಲ."

ನಿಕಾಸಿಯಾ ತಲೆ ಎತ್ತಲಿಲ್ಲ. ತಕಲಿ ಮಾತ್ರ ನಿಂತಿತು.

ಆಗ ಯೆನಿ, ಊರ ಜಗಳಕ್ಕೆ ಬಂದವಳಲ್ಲ ಪಾಪ, ಬಾಯಲ್ಲಿದ್ದ ಗೆಡ್ಡೆ ನುಂಗಿ ಮೆಲ್ಲಗೆ ಅಂದಳು, "ದೊಡ್ಡಮ್ಮ, ಹೊಲದ ಮಾತು ನೀವೇ ನೋಡ್ಕೊಳ್ಳಿ. ಆದ್ರೆ ಲುಕಿ ಯಾಕೆ ಕಾಯಿ ಬಿಡಲ್ಲ ಅಂತ ನಂಗೊತ್ತು. ಹೇಳ್ಲಾ?"

"ಶಾಪ ಇರಬೇಕು," ಎಂದ ಯಜಮಾನ.

"ಶಾಪ ಅಲ್ಲ ಯಜಮಾನ್ರೇ. ಪ್ರತಿ ಜೀವದ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ದಾರ ಇರ್ತವೆ. ವರ್ಣತಂತು ಅಂತಾರೆ. ಹೆಂಗೆ ಬೆಳೀಬೇಕು, ಯಾವ ಬಣ್ಣ, ಚಳಿ ತಡೀಬೇಕಾ ಬೇಡವಾ ಅನ್ನೋದೆಲ್ಲ ಆ ದಾರದಲ್ಲೇ ಇರ್ತದೆ. ನಮಗೆಲ್ಲ ಎರಡೆಳೆ. ಅವ್ವಂದೊಂದು, ಅಪ್ಪಂದೊಂದು."

"ಅಪ್ಪ ಯಾರು ಅಂತ ಗೊತ್ತಿಲ್ಲದವರಿಗೆ?" ಎಂದ ಗೋಡೆಗೆ ಒರಗಿದ್ದವನೊಬ್ಬ.

"ಅವರಿಗೂ ಎರಡೇ. ಊರಿಗೆ ಗೊತ್ತಿಲ್ಲದಿದ್ರೂ ದಾರಕ್ಕೆ ಗೊತ್ತಿರ್ತದೆ."

ಗಂಡಸರು ನಕ್ಕರು. ಯಜಮಾನ ಎಲೆ ಅಗಿಯುವುದರಲ್ಲಿ ಮುಖ ಮರೆಸಿಕೊಂಡ.

"ಎರಡಕ್ಕಿಂತ ಹೆಚ್ಚು ಎಳೆ ಇದ್ರೆ ಅದನ್ನ ಬಹುಗುಣಿತ ಅಂತೀವಿ, ಓದಿದವರ ಮಾತಲ್ಲಿ ಪಾಲಿಪ್ಲಾಯ್ಡ್. ಇಮಿಲ್ಲಾಗೆ ನಾಲ್ಕೆಳೆ. ಲುಕಿಗೆ ಮೂರು. ಮೂರಿದ್ರೆ ಟ್ರಿಪ್ಲಾಯ್ಡ್." ಯೆನಿ ಸುತ್ತ ನೋಡಿ, ಪಕ್ಕದಲ್ಲೇ ಕೂತಿದ್ದ ನಿಕಾಸಿಯಾಳ ಬುಟ್ಟಿಗೆ ಕೈ ಚಾಚಿದಳು. "ಅಕ್ಕ, ಈ ಹುರಿ ಸ್ವಲ್ಪ ಕೊಡ್ತೀರಾ?"

ಅದು ಲಾಮಾ ಹೇರಿಗೆ ಬಿಗಿಯುವ ಹಗ್ಗಕ್ಕೆಂದು ನಿಕಾಸಿಯಾ ಹೊಸೆದಿಟ್ಟಿದ್ದ ಮೂರೆಳೆ ಹುರಿ. ಯೆನಿ ಅದನ್ನು ಬಾಸಿಲಿಯಾಳ ಕೈಗೆ ಕೊಟ್ಟಳು.

"ದೊಡ್ಡಮ್ಮ, ಬೀಜ ಆಗಬೇಕಾದ್ರೆ ಗಿಡ ತನ್ನ ದಾರವನ್ನ ಸಮ ಎರಡು ಪಾಲು ಮಾಡಬೇಕು. ನಾಲ್ಕಿದ್ರೆ ಎರಡು, ಎರಡು. ಇದನ್ನ ನೀವು ಹರೀದೆ, ಕತ್ತರಿಸದೆ ಸಮ ಎರಡು ಪಾಲು ಮಾಡಿಕೊಡಿ."

ಬಾಸಿಲಿಯಾ ಸೋಲುವವಳಲ್ಲ. ಹುರಿ ಬಿಡಿಸಿದಳು. ಎಡಗೈಗೊಂದು ಎಳೆ, ಬಲಗೈಗೊಂದು ಎಳೆ. ನಡುವಿನದನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಹಾಕಿದಳು. ಕೊನೆಗೆ ಹಲ್ಲಿನಲ್ಲಿ ಕಚ್ಚಿಕೊಂಡಳು. ಉಣ್ಣೆಯೆಲ್ಲ ಸಿಕ್ಕು ಸಿಕ್ಕಾಯಿತು.

"ಆಗಲ್ಲ ಕಣೆ," ಎಂದಳು ಹಲ್ಲಿನ ನಡುವಿಂದಲೇ. "ಒಂದು ಮಿಕ್ಕತದೆ."

"ಲುಕಿಗೂ ಅದೇ ಪಾಡು. ಪಾಲು ಮಾಡೋಕೆ ಹೋಗಿ ಸಿಕ್ಕಾಗ್ತದೆ, ಹೂ ಉದುರಿಹೋಗ್ತದೆ. ಆ ಮಿಕ್ಕಿದ ಎಳೆ ಎಲ್ಲಿಂದ ಬಂತು ಅಂತೀರಿ? ಯಾವ ಕಾಲದಲ್ಲೋ ಗುಡ್ಡದ ನೆತ್ತಿಯ ನಾಲ್ಕೆಳೆ ಕಾಡುಗೆಡ್ಡೆಗೂ ಎರಡೆಳೆಯ ಒಂದು ಹೊಲದ ಗೆಡ್ಡೆಗೂ ಸಂಬಂಧ ಆಯ್ತು. ಹೊಲದ್ದು ಒಂದೆಳೆ ಕೊಡ್ತು, ಕಾಡಿಂದು ಎರಡು. ಹಿಮ ತಡೆಯೋ ಶಕ್ತಿ ಬಂದಿದ್ದು ಆ ಕಾಡಿನ ಕಡೆಯಿಂದ."

ಆಮೇಲೆ ನಿಕಾಸಿಯಾ, ಅವತ್ತು ಮೊದಲ ಸಲ, ಬಾಯಿ ತೆರೆದಳು.

"ಹಂಗಾದ್ರೆ ಅದಕ್ಕೆ ಏನೋ ಕಮ್ಮಿ ಆಗಿ ಕಾಯಿ ಬಿಡದೆ ಇರೋದಲ್ಲ?"

"ಕಮ್ಮಿ ಅಲ್ಲ ಅಕ್ಕ. ಹೆಚ್ಚಾಗಿ."

ನಿಕಾಸಿಯಾ ತಲೆಯಾಡಿಸಿದಳು. ತಕಲಿ ಮತ್ತೆ ತಿರುಗತೊಡಗಿತು. ಬಾಯಿಂದ ಎಳೆ ತೆಗೆದ ಬಾಸಿಲಿಯಾ ಉಣ್ಣೆಯನ್ನು ಉಂಡೆ ಮಾಡಿ ಮಡಿಲಿಗೆ ಹಾಕಿಕೊಂಡು ಅಂದಳು, "ಚೆನ್ನಾಗಿ ಹೇಳಿದೆ ಮಗಳೆ. ಲುಕಿ ಮೇಲೆ ನಂಗೆ ಗೌರವ ಬಂತು. ಆದ್ರೆ ಗೆಡ್ಡೆ ಗೆಡ್ಡೇನೆ, ಹೆಂಗಸು ಹೆಂಗಸೇ. ಇವಳಿಗೆ ಮೂರೆಳೆ ಅಂತ ಯಾರು ಎಣಿಸಿ ನೋಡಿದಾರೆ?"

"ಎಣಿಸೋದೇನೂ ಬೇಡ, ಅವಳಿಗೂ ಎರಡೇ," ಎಂದಳು ಯೆನಿ, ಸುಳ್ಳು ಹೇಳಲಾರದೆ. ಮೆಲಿತೋನನ ಮುಖ ಬಾಡಿತು.

ಯಜಮಾನ ಕೈ ಎತ್ತಿದ. "ಮೊದಲು ಇಂಜಿನಿಯರಮ್ಮನ ಕೆಲಸ ಮುಗೀಲಿ, ಬಸ್ಸು ಕಾಯಲ್ಲ. ಬಿತ್ತನೆ ಕೊಡ್ರಿ. ಆಮೇಲೆ ಕಮಾನಿ ಮಾತು."

ಇಲ್ಲಿ ನಮ್ಮೂರ ಒಂದು ಕಟ್ಟಳೆ ಇದೆ. ಬಿತ್ತನೆ ಗೆಡ್ಡೆಯನ್ನು ಊರಾಚೆಯವರಿಗೆ ಸುಮ್ಮನೆ ಕೊಡುವಂತಿಲ್ಲ. ಅದು ಯಾರ ಕೈಯಿಂದ ತನ್ನ ಕೈಗೆ ಬಂತು ಎಂದು ಕೊಡುವವಳು ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳಬೇಕು. ಹೇಳದೆ ಕೊಟ್ಟರೆ, ಅಥವಾ ಸುಳ್ಳು ಹೇಳಿ ಕೊಟ್ಟರೆ, ಗೆಡ್ಡೆಯ ತಾಯಿ ಮುನಿಸಿಕೊಂಡು ಊರನ್ನೇ ಬಿಟ್ಟು ಹೋಗುತ್ತಾಳೆ. ಆಮೇಲೆ ಎಷ್ಟು ಬಿತ್ತಿದರೂ ಬೇರಿಗೆ ಗಂಟು ಕಟ್ಟುವುದಿಲ್ಲ. ಗಂಡನಿಗೆ ಸುಳ್ಳು ಹೇಳಿಯಾರು, ಪಾದ್ರಿಗೂ ಒಂದಿಷ್ಟು ಮುಚ್ಚಿಟ್ಟಾರು, ಬಿತ್ತನೆಯ ಮಾತಿನಲ್ಲಿ ಸುಳ್ಳಾಡಿದ ಹೆಂಗಸು ನಮ್ಮ ಬೆಟ್ಟದ ಸಾಲಿನಲ್ಲೇ ಇಲ್ಲ.

ಮೊದಲು ಪಾಸ್ಕುವಾಲಾ ಎದ್ದಳು, ಗೋಡೆ ಪಕ್ಕದ ಮನೆಯವಳು. ಬೊಗಸೆ ತುಂಬ ಲುಕಿ ಹಿಡಿದು ನಿಂತವಳು ಯಾಕೋ ಗಂಟಲು ಸರಿಮಾಡಿಕೊಂಡಳು. ಎಲೆಯ ಮೇಲೆ ಎಲೆ ಅಗಿಯುತ್ತಿದ್ದವರು ನಿಲ್ಲಿಸಿದರು.

"ಈ ಗೆಡ್ಡೆ ನನ್ನ ಕೈಗೆ ಬಂದಿದ್ದು," ಎಂದಳು, "ನಿಕಾಸಿಯಾ ಕೈಯಿಂದ. ನಿಕಾಸಿಯಾಗೆ ಅವಳವ್ವ ಟೊಮಾಸಾ ಕೈಯಿಂದ. ಟೊಮಾಸಾಗೆ ಅವಳವ್ವನ ಕೈಯಿಂದ. ಅಲ್ಲಿಂದಾಚೆ ಪಚಮಾಮಾ ಮಡಿಲಿಂದ."

ಅವಳ ಅತ್ತೆ ಬೆಚ್ಚಿಬಿದ್ದಳು. "ಏನೇ ಅದು? ನನ್ನ ಬಿತ್ತನೆ ಅಲ್ವಾ ಅದು?"

"ನಿಮ್ಮದು ದೊಡ್ಡ ಹಿಮದ ವರ್ಷ ಚುನ್ಯೊ ಮಾಡ್ಕೊಂಡು ತಿಂದ್ವಲ್ಲ ಅತ್ತೆ. ಮರ್ತುಹೋಯ್ತಾ?"

ದೊಡ್ಡ ಹಿಮದ ವರ್ಷ ಯಾರು ಮರೆತಾರು? ಇಮಿಲ್ಲಾ ಹೊಲವೆಲ್ಲ ಕರಕಾಗಿ, ಊರಿಗೆ ಊರೇ ಲುಕಿಯ ಚುನ್ಯೊ ತಿಂದು ಬದುಕಿತ್ತು. ಕಟ್ಟಿಟ್ಟದ್ದು ತೀರಿದಾಗ ಬಿತ್ತನೆಗೆಂದು ಎತ್ತಿಟ್ಟದ್ದನ್ನೂ ತಿಂದಿತ್ತು. ಆದರೆ ಮರುವರ್ಷ ಪ್ರತಿ ಮನೆಯ ಹೊಲದಲ್ಲೂ ಲುಕಿ ಹಸಿರಾಗಿ ಎದ್ದಿತ್ತು. ಬಿತ್ತನೆ ಎಲ್ಲಿಂದ ಬಂತೆಂದು ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಎರಡನೆಯವಳು ಎದ್ದಳು. "ನನ್ನ ಕೈಗೆ ನಿಕಾಸಿಯಾ ಕೈಯಿಂದ."

ಮೂರನೆಯವಳು ಎದ್ದಳು, ನೆಲ ನೋಡುತ್ತಾ. "ನಂಗೂನೂ."

"ನಂಗೂನೂ ಅಂದ್ರೆ ಆಗಲ್ಲ, ಹೆಸರು ಹಿಡಿದು ಹೇಳು," ಎಂದ ಯಜಮಾನ. ಅವಳು ಹೇಳಿದಳು. ಅವಳ ಹಿಂದಿನವಳೂ ಹೇಳಿದಳು. ಒಬ್ಬೊಬ್ಬರು ಎದ್ದಂತೆ ಉಳಿದವರು ಅವರ ಮುಖ ನೋಡುತ್ತಿದ್ದರು: ನೀನೂ ಹೋಗಿದ್ಯಾ? ಮಕ್ಕಳಿಲ್ಲದ ಮನೆಯಿಂದ ಬಿತ್ತನೆ ತಂದರೆ ಮನೆ ಬರಿದಾಗುತ್ತದೆಂಬ ಮಾತಿಗೆ ಹೆದರಿ, ಒಬ್ಬೊಬ್ಬಳೂ ತಾನೊಬ್ಬಳೇ ಎಂದುಕೊಂಡು, ಲಾಮಾಗಳಿಗೆ ನೀರು ಕುಡಿಸುವ ನೆಪದಲ್ಲಿ ನಿಕಾಸಿಯಾಳ ಹಿತ್ತಲಿಗೆ ಹೋಗಿ, ಅಲ್ಲಿಯದೇ ಬೆರಣಿ ಬುಟ್ಟಿಯಲ್ಲಿ, ಬೆರಣಿಯ ಅಡಿಗೆ, ಗೆಡ್ಡೆ ಮುಚ್ಚಿಕೊಂಡು ಬಂದಿದ್ದಳು. ಉಣ್ಣುವ ಬಾಯಿ ಎರಡೇ ಇದ್ದ ಆ ಮನೆಯಲ್ಲಿ ಮಾತ್ರ ಬಿತ್ತನೆ ಉಳಿದಿತ್ತು.

ನನ್ನ ಹೆಂಡತಿ ಸೆಬೆರಿನಾ ಎದ್ದಾಗ ನಾನು ನಿಶ್ಚಿಂತನಾಗಿದ್ದೆ. ಅವಳೂ ಅದೇ ಹೆಸರು ಹೇಳಿದಳು.

"ನಮ್ಮನೆಗೂನಾ?" ಎಂದೆ.

"ಸುಮ್ನೆ ಕೂತ್ಕೊಳ್ಳಿ. ಪ್ರಾರ್ಥನೆ ಮಾಡಿದ್ದಕ್ಕೆ ದೇವರು ಕಳಿಸಿದಾನೆ ಅಂತ ಹೇಳ್ಕೊಂಡು ಎರಡೆರಡು ತಟ್ಟೆ ತಿಂದವರು ನೀವೇ ತಾನೆ?"

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ದೇವರು ಕಳಿಸಿದ್ದು ಸುಳ್ಳಲ್ಲ, ಯಾರ ಕೈಲಿ ಕಳಿಸಿದ ಎಂದು ನಾನು ವಿಚಾರಿಸಿರಲಿಲ್ಲ, ಅಷ್ಟೇ.

ಕೊನೆಗೆ ಬಾಸಿಲಿಯಾ ಉಳಿದಳು.

ನಗು ತಾನಾಗಿ ಅಡಗಿತು. ಅವಳ ಮನೆತನದ ಲುಕಿ ಮುತ್ತಜ್ಜಿಯ ಕಾಲದ್ದು ಎಂದು ಅವಳು ಹೇಳಿಕೊಳ್ಳುತ್ತಿದ್ದುದನ್ನು ಊರೆಲ್ಲ ಕೇಳಿತ್ತು. ಕೈಯಲ್ಲಿ ಗೆಡ್ಡೆ ಹಿಡಿದು ಎದ್ದು ನಿಂತಳು. ಮುತ್ತಜ್ಜಿಯ ಹೆಸರು ಹೇಳಿ ಕೂತುಬಿಡಬಹುದಿತ್ತು, ತಡೆಯುವವರು ಯಾರು? ಆದರೆ ಗೆಡ್ಡೆಯ ತಾಯಿ ಕೇಳಿಸಿಕೊಳ್ಳುತ್ತಿದ್ದಳು. ಬಾಸಿಲಿಯಾ ಟೋಪಿ ತೆಗೆದಳು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ನನ್ನ ಕೈಗೆ ನಿಕಾಸಿಯಾ ಕೈಯಿಂದ," ಎಂದಳು. ಧ್ವನಿ ಗಟ್ಟಿಯಾಗಿಯೇ ಇತ್ತು. "ಒಂದು ಸಲ ಅಲ್ಲ, ಎರಡು ಸಲ. ಮೊದಲ ಸಲ ತಂದಿದ್ದನ್ನ ಬಿತ್ತಲಿಲ್ಲ. ಮಕ್ಕಳು ಅಳ್ತಿದ್ವು, ಬೇಯಿಸಿ, ಜೇಡಿಮಣ್ಣು ಸೇರಿಸಿ ತಿನ್ನಿಸಿಬಿಟ್ಟೆ. ಮತ್ತೆ ಹೋದೆ. ಮೊನ್ನೆ ತಾನೆ ಕೊಟ್ನಲ್ಲ, ಏನು ಮಾಡ್ದೆ ಅಂತ ಇವಳು ಕೇಳಲೇ ಇಲ್ಲ. ಮತ್ತೆ ಮಡಿಲು ತುಂಬ ಸುರಿದಳು." ಅವಳು ಗೆಡ್ಡೆಗಳನ್ನು ಯೆನಿಯ ಮುಂದೆ ಇಟ್ಟಳು. "ನಿಕಾಸಿಯಾಗೆ ಟೊಮಾಸಾ ಕೈಯಿಂದ. ಟೊಮಾಸಾಗೆ ಅವಳವ್ವನ ಕೈಯಿಂದ. ಅಲ್ಲಿಂದಾಚೆ ಪಚಮಾಮಾ ಮಡಿಲಿಂದ."

ಯೆನಿಯ ಎದುರು ಗೆಡ್ಡೆಯ ರಾಶಿ ಬಿದ್ದಿತ್ತು. ಅವಳು ತಂದಿದ್ದ ಕಾಗದದ ಚೀಲಗಳು ಹಾಗೇ ಉಳಿದಿದ್ದವು.

"ಲುಕಿಗೆ ಬೀಜ ಇಲ್ಲ," ಎಂದಳು ಮೆಲ್ಲಗೆ, ತನಗೇ ಹೇಳಿಕೊಂಡಂತೆ. "ಕೈಯಿಂದ ಕೈಗೆ ಹೋದ್ರೆ ಮಾತ್ರ ಅದು ಉಳಿಯೋದು. ಈ ಊರಿನ ಲುಕಿ ಎಲ್ಲ ಒಂದೇ ಗಿಡ. ನಂಗೆ ಒಂದು ಚೀಲ ಸಾಕು."

ಎಲ್ಲರೂ ನಿಕಾಸಿಯಾಳ ಕಡೆ ತಿರುಗಿದರು. ಏನಾದರೂ ಹೇಳುತ್ತಾಳೆಂದು ಕಾದರು. ಅತ್ತಾಳು ಎಂದು ಕೆಲವರು ಶಾಲಿನ ಅಂಚನ್ನು ಸಿದ್ಧ ಮಾಡಿಕೊಂಡಿದ್ದರು. ಅವಳು ತಕಲಿಗೆ ನೂಲು ಸುತ್ತಿ ಪಕ್ಕಕ್ಕಿಟ್ಟಳು.

"ಬಿತ್ತನೆ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ," ಎಂದಳು. "ನನ್ನ ಬೆರಣಿ ಬುಟ್ಟಿಗಳನ್ನ ಒಬ್ಬರಾದರೂ ವಾಪಸ್ ಕೊಟ್ರಾ? ಆ ವರ್ಷ ಒಲೆ ಹಚ್ಚೋಕೆ ಬೆರಣಿ ಇರಲಿಲ್ಲ."

"ಓಹೋ, ಅದಕ್ಕಾ ನಾನು ಚಳಿಗಾಲವೆಲ್ಲ ತಣ್ಣನೆ ಚುನ್ಯೊ ತಿಂದಿದ್ದು?" ಎಂದ ಮೆಲಿತೋನ, ಬಾಯಿ ಬಿಟ್ಟುಕೊಂಡು. ಅವನಿಗೂ ಇದು ಅಂದೇ ತಿಳಿದದ್ದು.

ಆ ನಗು ಸರೋವರದ ಆಚೆಗೂ ಕೇಳಿರಬೇಕು. ಯಜಮಾನ ನಗುತ್ತಲೇ ಕೇಳಿದ, "ಈಗ ಹೇಳಿ. ಕಮಾನಿ ಯಾರು?"

ಬಾಸಿಲಿಯಾ ಕೂತಿರಲಿಲ್ಲ. "ಹೆರದವಳು ಮೊದಲ ಗೆಡ್ಡೆ ಇಡಬಾರದು ಅಂದವಳು ನಾನು. ಆ ಮಾತನ್ನ ನಾನೇ ವಾಪಸ್ ತಗೋತೀನಿ. ನಂಗೆ ಏಳು ಮಕ್ಕಳು. ಇಲ್ಲಿರೋ ಇಷ್ಟು ಒಲೆಗೆ ಅನ್ನ ಹೆತ್ತವಳು ಇವಳು. ಇನ್ನು ಯಾರಾದರೂ ಬೇಡ ಅನ್ನೋರಿದ್ರೆ ಮೊದಲು ಆ ವರ್ಷ ತಿಂದಿದ್ದನ್ನ ಕಕ್ಕಲಿ."

ಯಾರೂ ಬೇಡ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನಿಕಾಸಿಯಾಳ ಹಿತ್ತಲ ಗೋಡೆಯ ಮೇಲೆ ಬೆರಣಿ ತುಂಬಿದ ಬುಟ್ಟಿಗಳು ಸಾಲಾಗಿ ಕೂತಿದ್ದವು.

ಯೆನಿಯ ಮಾತನ್ನು ನಮ್ಮೂರು ತನ್ನ ಬಾಯಿಗೆ ಹೊಂದುವಂತೆ ಮಾಡಿಕೊಂಡಿತು. ಟ್ರಿಪ್ಲಾಯ್ಡ್ ಎಂಬುದು ಯಾರ ನಾಲಿಗೆಗೂ ಹತ್ತಲಿಲ್ಲ. ಈಗ ತನ್ನ ಪಾಲಿಗಿಂತ ಹೆಚ್ಚು ಹೊತ್ತವರನ್ನು, ಚಳಿಗೆ ಬಗ್ಗದವರನ್ನು ಕಂಡರೆ ನಮ್ಮಲ್ಲಿ ಮೂರೆಳೆಯವಳು, ಮೂರೆಳೆಯವನು ಎನ್ನುತ್ತಾರೆ. ದೇವರು ಕೆಲವರಿಗೆ ಒಂದೆಳೆ ಹೆಚ್ಚು ಕೊಡುತ್ತಾನೆ. ಅದು ಸಮ ಪಾಲಾಗುವುದಿಲ್ಲ, ಕೈಯಿಂದ ಕೈಗೆ ಹಂಚಿಹೋಗುತ್ತದೆ.

ಅಕ್ಟೋಬರಿನ ಮೊದಲ ಮಳೆ ಬಿದ್ದ ಮೇಲೆ ಊರ ಹೊಲದಲ್ಲಿ ಕೊಳಲು, ಡೋಲು ಸೇರಿದವು. ನಿಕಾಸಿಯಾಳ ಟೋಪಿಯ ಸುತ್ತ ಕೆಂಪು ಹಳದಿ ಹೂ ಕಟ್ಟಿದ್ದರು. ನಾನು ಪ್ರಾರ್ಥನೆ ಹೇಳಿಸಿದೆ. ಮೂರು ಒಳ್ಳೆಯ ಕೋಕಾ ಎಲೆ ಮಣ್ಣಿಗೆ ಹೋದವು, ಲೋಟದಿಂದ ಎರಡು ಹನಿ ಸಾರಾಯಿ ಪಚಮಾಮಾಳ ಬಾಯಿಗೆ ಬಿತ್ತು. ಮೆಲಿತೋನ ಕಾಲ್ನೇಗಿಲ ಮೇಲೆ ಭಾರ ಹಾಕಿ ಮೊದಲ ಹೆಂಟೆ ಎತ್ತಿದ. ಒದ್ದೆ ಮಣ್ಣು ಬಾಯಿ ತೆರೆಯಿತು.

ನಿಕಾಸಿಯಾ ಮೊಣಕಾಲೂರಿದಳು. ಮಡಿಲಿಂದ ಎರಡು ಗೆಡ್ಡೆ ತೆಗೆದಳು. ಒಂದು ಇಮಿಲ್ಲಾ, ಕೆಂಪಗೆ, ದುಂಡಗೆ. ಇನ್ನೊಂದು ಲುಕಿ. ಊರ ಹೊಲದ ಮೊದಲ ಗೆರೆಗೆ ಲುಕಿ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಮಗುವಿಗೆ ಹೊದಿಸುವಂತೆ ಅಂಗೈಯಲ್ಲಿ ಮಣ್ಣೆಳೆದಳು. ಕೈ ಎತ್ತದೆ ಹಾಗೇ ಸ್ವಲ್ಪ ಹೊತ್ತು ಇದ್ದಳು.

ಗೆರೆಯ ಆಚೆ ಬದಿಯಲ್ಲಿ ಗೊಬ್ಬರದ ಬುಟ್ಟಿ ಹಿಡಿದು ಬಾಸಿಲಿಯಾ ಮೊಣಕಾಲೂರಿದ್ದಳು. ಅವಳ ಮಂಡಿಗೆ ನೋವು, ಎಲ್ಲರಿಗೂ ಗೊತ್ತು. ಅವಳು ಮುಂದಕ್ಕೆ ಬಾಗಿ, ಇಡೀ ಹೊಲಕ್ಕೆ ಕೇಳುವಂತೆ ಕರೆದಳು:

"ಅವ್ವಾ, ಮುಂದಿನ ಗುಣಿಗೆ ಬಾ. ಊರು ಕಾಯ್ತಾ ಇದೆ."